ಕಚೇರಿ ಎದ್ದು ಹೋದ ಊರುಗಳು

ಕಳೆದ ದೀಪಾವಳಿಯ ಮರುದಿನ ಬೆಳಗಿನ ಜಾವ ದೂರವಾಣಿ ಕರೆಯೊಂದು ಬಂದಿತು. ಮಾತನಾಡಿದವನು ನನ್ನ ಹಳೆಯ ವಿದ್ಯಾರ್ಥಿ. ಅಮೆರಿಕದ ಒಂದು ಸಣ್ಣ ಪಟ್ಟಣದಲ್ಲಿ, ತೈಲ ಕಂಪನಿಯೊಂದರ ಶಾಖೆಯಲ್ಲಿ ಹದಿನಾರು ವರ್ಷಗಳಿಂದ ಇಂಜಿನಿಯರ್ ಆಗಿರುವವನು. ಹಬ್ಬದ ಶುಭಾಶಯ ಹೇಳಿ ಮುಗಿಸುವಷ್ಟರಲ್ಲಿ ಅವನ ದನಿ ಇಳಿಯಿತು. ಶಾಖಾ ಕಚೇರಿಗಳನ್ನೆಲ್ಲ ಮುಚ್ಚಿ, ನೌಕರರನ್ನು ಪ್ರಧಾನ ಕಚೇರಿಯಿರುವ ಮಹಾನಗರಕ್ಕೆ ಒಟ್ಟುಗೂಡಿಸುವುದೆಂದು ಕಂಪನಿ ತೀರ್ಮಾನಿಸಿದೆಯಂತೆ. ಅರುವತ್ತು ದಿನಗಳೊಳಗೆ ಬರುತ್ತೇನೆಂದು ಬರೆದುಕೊಡಬೇಕು, ಇಲ್ಲವೇ ಪರಿಹಾರದ ಹಣ ಪಡೆದು ಕೆಲಸ ಬಿಡಬೇಕು. ಹೆಂಡತಿಗೆ ಅದೇ ಊರಿನ ಆಸ್ಪತ್ರೆಯಲ್ಲಿ ಕೆಲಸ. ಮಗಳ ಪ್ರೌಢಶಾಲೆ ಮುಗಿಯಲು ಇನ್ನೂ ಎರಡು ವರ್ಷ. “ಮೇಷ್ಟ್ರೇ, ನೀವು ಇತಿಹಾಸ ಹೇಳಿಕೊಟ್ಟವರು. ಇಂಥದು ಹಿಂದೆಯೂ ಆಗಿದೆಯೇ? ಆ ಊರುಗಳೆಲ್ಲ ಆಮೇಲೆ ಏನಾದವು?” ಎಂದು ಕೇಳಿದ.

ಕೊನೆಯ ಬೆಂಚಿನಲ್ಲಿ ಮೂರು ವರ್ಷ ಕುಳಿತು ಒಂದೇ ಒಂದು ಪ್ರಶ್ನೆಯನ್ನೂ ಕೇಳದಿದ್ದವನು ಐವತ್ತರ ಅಂಚಿಗೆ ಬಂದು ನನಗೆ ಕೇಳಿದ ಮೊದಲ ಪ್ರಶ್ನೆಯಿದು. ಅಂದು ಸಮರ್ಪಕವಾಗಿ ಉತ್ತರಿಸಲಾಗಲಿಲ್ಲ. ಅನಂತರ ಒಂದು ತಿಂಗಳು ಓದಿ ತಿಳಿದುದನ್ನು ಅವನಿಗಾಗಿ, ಅವನಂತೆಯೇ ದೂರದೇಶಗಳಲ್ಲಿರುವ ನನ್ನ ಇತರ ಮಕ್ಕಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ನಡುಭಾಗದಲ್ಲಿ ಓಕ್ಲಹೋಮಾ ಎಂಬ ರಾಜ್ಯವಿದೆ. ಅದರ ಉತ್ತರ ಭಾಗದಲ್ಲಿ ಒಂದರಿಂದೊಂದು ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ ಎರಡು ಪಟ್ಟಣಗಳಿವೆ: ಪೊಂಕಾ ಸಿಟಿ ಮತ್ತು ಬಾರ್ಟಲ್ಸ್‌ವಿಲ್. ಮೊದಲನೆಯದು ಕಾನೊಕೊ ಕಂಪನಿಯ ಊರು, ಎರಡನೆಯದು ಫಿಲಿಪ್ಸ್ ಪೆಟ್ರೋಲಿಯಮ್ ಕಂಪನಿಯ ಊರು. ಇಂದು ಆ ಎರಡೂ ಹೆಸರುಗಳು ಒಂದಾಗಿ ‘ಕಾನೊಕೊಫಿಲಿಪ್ಸ್’ ಆಗಿವೆ; ಅದರ ಪ್ರಧಾನ ಕಚೇರಿ ಈ ಎರಡು ಊರುಗಳಲ್ಲಿ ಯಾವುದರಲ್ಲಿಯೂ ಇಲ್ಲ. ಅದು ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿದೆ.

ಪೊಂಕಾ ಸಿಟಿಯ ಕಥೆಯನ್ನು ಅದರ ಹೆಸರಿನಿಂದಲೇ ತೊಡಗಬೇಕು. ಪೊಂಕಾ ಎಂಬುದು ಒಂದು ಮೂಲನಿವಾಸಿ ಬುಡಕಟ್ಟು. ಅವರ ನೆಲ ಉತ್ತರಕ್ಕೆ, ನೆಬ್ರಾಸ್ಕಾದ ನಯೋಬ್ರಾರಾ ನದಿಯ ದಡದಲ್ಲಿತ್ತು. 1877ರಲ್ಲಿ ಸರ್ಕಾರವು ಅವರನ್ನು ಅಲ್ಲಿಂದ ಒಕ್ಕಲೆಬ್ಬಿಸಿ, ಸೈನಿಕರ ಕಾವಲಿನಲ್ಲಿ ನಡೆಸಿಕೊಂಡು ದಕ್ಷಿಣದ ಈ ಸೀಮೆಗೆ ತಂದಿತು. ದಾರಿಯಲ್ಲಿಯೂ ಬಂದ ಹೊಸದರಲ್ಲಿಯೂ ನೂರಕ್ಕೂ ಹೆಚ್ಚು ಮಂದಿ ಕಾಯಿಲೆಗಳಿಂದ ಸತ್ತರು. ಅವರ ನಾಯಕರಲ್ಲೊಬ್ಬನಾದ ಸ್ಟ್ಯಾಂಡಿಂಗ್ ಬೇರ್ ಎಂಬಾತನ ಮಗನೂ ಹಾಗೆ ತೀರಿಕೊಂಡ. ತನ್ನನ್ನು ಹುಟ್ಟಿದ ಊರಿನ ಮಣ್ಣಿನಲ್ಲಿಯೇ ಹೂಳಬೇಕೆಂದು ಅವನು ತಂದೆಯಿಂದ ಮಾತು ತೆಗೆದುಕೊಂಡಿದ್ದ. 1879ರ ಜನವರಿಯ ಚಳಿಯಲ್ಲಿ ಆ ತಂದೆ ಮಗನ ಶವವನ್ನು ಬಂಡಿಯಲ್ಲಿರಿಸಿಕೊಂಡು, ಕೆಲವು ಸಂಗಡಿಗರೊಡನೆ ಉತ್ತರಕ್ಕೆ ಹೊರಟ. ಅಪ್ಪಣೆಯಿಲ್ಲದೆ ಸ್ಥಳ ಬಿಟ್ಟುದಕ್ಕಾಗಿ ಅವನನ್ನು ಬಂಧಿಸಿದರು. ಒಮಾಹಾದ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು; ಮೂಲನಿವಾಸಿಯೂ ಕಾನೂನಿನ ಅರ್ಥದಲ್ಲಿ ‘ವ್ಯಕ್ತಿ’ಯೇ ಎಂದು ನ್ಯಾಯಾಧೀಶ ಡಂಡಿ ತೀರ್ಪಿತ್ತರು. ಅದನ್ನು ಹೇಳಲು 1879ರವರೆಗೆ ಕಾಯಬೇಕಾಯಿತು, ಅದೂ ನ್ಯಾಯಾಲಯವೇ ಹೇಳಬೇಕಾಯಿತು!

ಎಣ್ಣೆಯ ಚರಿತ್ರೆಯಲ್ಲಿ ಇದೇಕೆ ಎನ್ನುವಿರೇನೋ. ಹಾಗೆ ತಂದು ಕೂರಿಸಿದ ನೆಲದ ಕೆಳಗೇ ಎಣ್ಣೆಯಿತ್ತು. ಇ. ಡಬ್ಲ್ಯೂ. ಮಾರ್ಲೆಂಡ್ ಎಂಬ ವಕೀಲ 1908ರಲ್ಲಿ ಪೆನ್ಸಿಲ್ವೇನಿಯಾದಿಂದ ಇಲ್ಲಿಗೆ ಬಂದ. 1911ರಲ್ಲಿ ಒಬ್ಬ ಪೊಂಕಾ ಮನುಷ್ಯನ ಹಿಡುವಳಿಯನ್ನು ಗುತ್ತಿಗೆಗೆ ಪಡೆದು ಕೊರೆಸಿದಾಗ ಎಣ್ಣೆ ಚಿಮ್ಮಿತು. 1920ರ ದಶಕದಲ್ಲಿ ಜಗತ್ತಿನ ಎಣ್ಣೆಯಲ್ಲಿ ಹತ್ತನೆಯ ಒಂದು ಪಾಲು ಮಾರ್ಲೆಂಡನ ಹಿಡಿತದಲ್ಲಿತ್ತೆಂದು ಹೇಳುವುದುಂಟು. ಉದಾರಿ ಮನುಷ್ಯ. ನೌಕರರಿಗೆ ಮನೆ ಕಟ್ಟಿಕೊಳ್ಳಲು ನೆರವಾದ, ವೈದ್ಯಕೀಯ ಸೌಲಭ್ಯ ಕಲ್ಪಿಸಿದ. ತನಗಾಗಿ 55 ಕೋಣೆಗಳ ಅರಮನೆಯನ್ನೂ ಕಟ್ಟಿಸಿಕೊಂಡ. ಆದರೆ ವಿಸ್ತರಣೆಗೆಂದು ನ್ಯೂಯಾರ್ಕಿನ ಮಾರ್ಗನ್ ಬ್ಯಾಂಕಿನ ಹಣ ತಂದಿದ್ದ. ಹಣ ಕೊಟ್ಟವರು ಆಡಳಿತ ಮಂಡಲಿಯೊಳಗೆ ಬಂದರು. 1928ರಲ್ಲಿ, ಅರಮನೆ ಮುಗಿದ ವರ್ಷವೇ, ತಾನು ಕಟ್ಟಿದ ಕಂಪನಿಯಿಂದ ತಾನೇ ಹೊರಬಿದ್ದ. 1929ರಲ್ಲಿ ಅದು ಕಾಂಟಿನೆಂಟಲ್ ಆಯಿಲ್ ಕಂಪನಿಯೊಡನೆ ವಿಲೀನವಾಗಿ ಮಾರ್ಲೆಂಡನ ಹೆಸರು ಅಳಿಯಿತು. ಅವನ ತ್ರಿಕೋನ ಲಾಂಛನ ಮಾತ್ರ ಉಳಿಯಿತು. ಮುಂದೆ ಆತ ಓಕ್ಲಹೋಮಾದ ರಾಜ್ಯಪಾಲನಾಗಿ ಚುನಾಯಿತನಾದನೆಂಬುದು ಬೇರೆ ಕಥೆ. (ಅಲ್ಲಿ ರಾಜ್ಯಪಾಲನೆಂದರೆ ನಮ್ಮ ಮುಖ್ಯಮಂತ್ರಿಯ ಸ್ಥಾನವೆಂದು ತಿಳಿಯಬೇಕು.) 1941ರಲ್ಲಿ ತೀರಿಕೊಳ್ಳುವ ಕೆಲಕಾಲ ಮೊದಲು ಆ ಅರಮನೆಯನ್ನು ಒಂದು ಕ್ರೈಸ್ತ ಸನ್ಯಾಸಿ ಪಂಥಕ್ಕೆ 66,000 ಡಾಲರಿಗೆ ಮಾರಿದ.

ಊರಿನ ಅದೃಷ್ಟ ಆ ಮನೆಗಿಂತ ತುಸು ಹೆಚ್ಚು ಕಾಲ ಉಳಿಯಿತು. 1949ರಲ್ಲಿ ಕಾಂಟಿನೆಂಟಲ್ ಕಂಪನಿಯ ಪ್ರಧಾನ ಕಚೇರಿ ಹ್ಯೂಸ್ಟನ್ನಿಗೆ ಹೋಯಿತು. ನಡುವೆ ಕೆಲಕಾಲ ಪೂರ್ವ ಕರಾವಳಿಗೂ ಸುತ್ತಾಡಿ ಮತ್ತೆ ಹ್ಯೂಸ್ಟನ್ನಿಗೇ ಬಂದು ನೆಲೆಸಿತು. ಪೊಂಕಾ ಸಿಟಿಗೆ ಸಂಶೋಧನಾಲಯ, ಲೆಕ್ಕಪತ್ರ ಮುಂತಾದ ಉಪಶಾಖೆಗಳು ಉಳಿದವು. ಅವೂ ಒಂದೊಂದಾಗಿ ಕರಗಿ, 2009ರ ಫೆಬ್ರವರಿಯಲ್ಲಿ, ಶುದ್ಧೀಕರಣಾಗಾರವೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಸ್ಥಳಾಂತರಿಸುವ ಘೋಷಣೆಯಾಯಿತು. ಕೊಳವೆ, ಗೋಪುರ, ಕುಲುಮೆಗಳ ಶುದ್ಧೀಕರಣಾಗಾರವನ್ನು ಲಾರಿಯಲ್ಲಿ ಹೇರಿಕೊಂಡು ಹೋಗಲಾಗದು. ಅದು ಈಗಲೂ ಅಲ್ಲಿದೆ. ದಿನಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಪೀಪಾಯಿ ಕಚ್ಚಾತೈಲವನ್ನು ಸಂಸ್ಕರಿಸಬಲ್ಲದು.

ಇನ್ನು ಬಾರ್ಟಲ್ಸ್‌ವಿಲ್. ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಈ ಊರಿನ ಕಥೆ.

ಅಯೋವಾದಲ್ಲಿ ಕ್ಷೌರಿಕನಾಗಿದ್ದು, ಬ್ಯಾಂಕ್ ಮಾಲೀಕನೊಬ್ಬನ ಮಗಳನ್ನು ಮದುವೆಯಾಗಿ, ಸಾಲಪತ್ರಗಳನ್ನು ಮಾರುತ್ತಿದ್ದ ಫ್ರ್ಯಾಂಕ್ ಫಿಲಿಪ್ಸ್ ಎಂಬ ಸಾಹಸಿ ತಮ್ಮನೊಡನೆ ಇಲ್ಲಿಗೆ ಬಂದ. ಮೊದಲ ಬಾವಿಗಳು ಕೈಕೊಟ್ಟವು. ಹಣ ಮುಗಿಯುತ್ತ ಬಂದಿತ್ತು. 1905ರ ಸೆಪ್ಟೆಂಬರಿನಲ್ಲಿ ಆನ್ನಾ ಆಂಡರ್ಸನ್ ಎಂಬ ಎಂಟು ವರ್ಷದ ಡೆಲವೇರ್ ಬುಡಕಟ್ಟಿನ ಬಾಲಕಿಯ ಹಿಡುವಳಿಯಲ್ಲಿ ಎಣ್ಣೆ ಉಕ್ಕಿತು. ಆಮೇಲೆ ಸುಮಾರು ಎಂಬತ್ತು ಬಾವಿಗಳು, ಒಂದೂ ಬರಡಾಗದೆ, ಸಾಲಾಗಿ ಫಲಿಸಿದವು. ಡೆಲವೇರರೂ ಅಟ್ಲಾಂಟಿಕ್ ತೀರದಿಂದ ತಲೆಮಾರುಗಳ ಕಾಲ ಪಶ್ಚಿಮಕ್ಕೆ ತಳ್ಳಿಸಿಕೊಂಡು ಬಂದವರೇ. ಎರಡು ಊರುಗಳ ನಡುವಣ ಓಸೇಜ್ ಬುಡಕಟ್ಟಿನ ನೆಲವಂತೂ ಎಣ್ಣೆಗಾಗಿ ನಡೆದ ಸರಣಿ ಕೊಲೆಗಳಿಂದ ಕುಖ್ಯಾತವಾಯಿತು. 2023ರಲ್ಲಿ ಬಂದ ಸ್ಕಾರ್ಸೆಸೆಯವರ ಚಲನಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು.

ಫಿಲಿಪ್ಸ್ ಸಹೋದರರು 1917ರಲ್ಲಿ ಕಂಪನಿ ಸ್ಥಾಪಿಸಿದರು. ಅದರ ಪ್ರಧಾನ ಕಚೇರಿ ಎಂಬತ್ತೈದು ವರ್ಷ ಅದೇ ಸಣ್ಣ ಊರಿನಲ್ಲಿತ್ತು. ಅಲ್ಲಿಯ ಪ್ರಯೋಗಾಲಯದಲ್ಲಿಯೇ 1951ರಲ್ಲಿ ಹೋಗನ್ ಮತ್ತು ಬ್ಯಾಂಕ್ಸ್ ಎಂಬ ಇಬ್ಬರು ರಸಾಯನವಿಜ್ಞಾನಿಗಳು ಪಾಲಿಪ್ರೊಪಿಲೀನನ್ನೂ, ಅದರ ಬೆನ್ನಿಗೇ ಗಟ್ಟಿ ಜಾತಿಯ ಪಾಲಿಥೀನ್ ತಯಾರಿಸುವ ಹೊಸ ವಿಧಾನವನ್ನೂ ಕಂಡುಹಿಡಿದರು. ನಮ್ಮ ಬೀದಿನಲ್ಲಿಗಳ ಮುಂದೆ ಸಾಲುಗಟ್ಟುವ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಆ ಗಟ್ಟಿ ಪಾಲಿಥೀನಿನ ಸಂತತಿಯವೇ. ತಾಮ್ರದ ಕೊಡ ಹೊತ್ತು ಬಾಗುತ್ತಿದ್ದ ನಮ್ಮ ತಾಯಂದಿರ ಸೊಂಟಕ್ಕೆ ಬಾರ್ಟಲ್ಸ್‌ವಿಲ್ ಮಾಡಿದ ಉಪಕಾರ ಆ ಊರಿಗೇ ತಿಳಿದಿರಲಾರದು.

1984ರ ಡಿಸೆಂಬರಿನಲ್ಲಿ ಬೂನ್ ಪಿಕನ್ಸ್ ಎಂಬ ಟೆಕ್ಸಸ್ಸಿನ ತೈಲೋದ್ಯಮಿ ಫಿಲಿಪ್ಸ್ ಕಂಪನಿಯ ಷೇರುಗಳನ್ನು ಕೊಂಡು ಅದನ್ನು ವಶಪಡಿಸಿಕೊಳ್ಳಲು ಮುಂದಾದರು. ಪಿಕನ್ಸ್ ಹುಟ್ಟಿದ್ದು ಓಕ್ಲಹೋಮಾದಲ್ಲಿಯೇ. ತಾರುಣ್ಯದಲ್ಲಿ ಇದೇ ಫಿಲಿಪ್ಸಿನಲ್ಲಿ ನೌಕರರಾಗಿದ್ದವರು. ಅದೇ ವರ್ಷ ಅವರು ಗಲ್ಫ್ ಆಯಿಲ್ ಕಂಪನಿಯ ಬೆನ್ನುಹತ್ತಿದ್ದರಿಂದ, ಅದು ಶೆವ್ರಾನ್ ಕಂಪನಿಯ ಪಾಲಾಗಿ, ಪಿಟ್ಸ್‌ಬರ್ಗ್ ನಗರ ತನ್ನ ದೊಡ್ಡ ಪ್ರಧಾನ ಕಚೇರಿಯೊಂದನ್ನು ಕಳೆದುಕೊಂಡಿತ್ತು. ಬಾರ್ಟಲ್ಸ್‌ವಿಲ್ಲಿನ ಜನಕ್ಕೆ ಇದು ಗೊತ್ತಿತ್ತು. ಊರಿಗೆ ಊರೇ ಎದ್ದು ನಿಂತಿತು. ಚರ್ಚುಗಳಲ್ಲಿ ಸಾಮೂಹಿಕ ಪ್ರಾರ್ಥನೆಗಳು ನಡೆದವು. ಪಿಕನ್ಸರನ್ನು ಹಂಗಿಸುವ ಬರೆಹಗಳುಳ್ಳ ಅಂಗಿ ತೊಟ್ಟು ಜನ ಬೀದಿಗಿಳಿದರು. ಕ್ರಿಸ್ಮಸ್ಸಿನ ಹೊತ್ತಿಗೆ ಪಿಕನ್ಸ್ ರಾಜಿಗೆ ಬಂದರು. ಉಸಿರು ಬಿಡುವಷ್ಟರಲ್ಲಿ, 1985ರ ಆರಂಭದಲ್ಲಿ, ಕಾರ್ಲ್ ಐಕಾನ್ ಎಂಬ ಇನ್ನೊಬ್ಬ ಹಣಗಾರ ಬಂದರು. ಅವರನ್ನೂ ಹಿಮ್ಮೆಟ್ಟಿಸಿದ್ದಾಯಿತು.

ಗೆಲುವಿನ ಬೆಲೆ ಮಾತ್ರ ದುಬಾರಿಯಾಯಿತು. ಷೇರುದಾರರನ್ನು ತೃಪ್ತಿಪಡಿಸಲು ಕಂಪನಿ ಮಾಡಿದ ಸಾಲದಿಂದಾಗಿ ಅದರ ಒಟ್ಟು ಋಣ 800 ಕೋಟಿ ಡಾಲರಿಗೂ ಮಿಗಿಲಾಯಿತು. ತೀರಿಸಲು ಆಸ್ತಿಗಳನ್ನು ಮಾರಬೇಕಾಯಿತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಆದರೂ ಕಚೇರಿ ಊರಿನಲ್ಲಿಯೇ ಉಳಿಯಿತು. ಅಂದು ಅಂಗಿ ತೊಟ್ಟು ಹೋರಾಡಿದವರಲ್ಲಿಯೇ ಕೆಲವರು ಮನೆಗೆ ಹೋಗಿರಬೇಕು ಎಂದು ನೆನೆದರೆ ಸಂಕಟವಾಗುತ್ತದೆ.

ಹದಿನೇಳು ವರ್ಷ ಕಳೆಯಿತು. 2001ರ ನವೆಂಬರಿನಲ್ಲಿ ಫಿಲಿಪ್ಸ್ ಮತ್ತು ಕಾನೊಕೊ ಕಂಪನಿಗಳು ಒಂದಾಗುವುದಾಗಿ ಘೋಷಿಸಿದವು. 2002ರ ಆಗಸ್ಟ್ 30ರಂದು ವಿಲೀನ ಪೂರ್ಣವಾಯಿತು. ಈ ಬಾರಿ ದಾಳಿಕಾರನಿರಲಿಲ್ಲ. ಹೊಸ ಕಂಪನಿಯಲ್ಲಿ ಫಿಲಿಪ್ಸ್ ಷೇರುದಾರರ ಪಾಲು ಶೇಕಡಾ 56ಕ್ಕಿಂತ ಹೆಚ್ಚು. ಮುಖ್ಯ ಕಾರ್ಯನಿರ್ವಾಹಕರಾದ ಜಿಮ್ ಮಲ್ವಾ ಫಿಲಿಪ್ಸಿನಲ್ಲಿಯೇ ಬೆಳೆದವರು. ಎಲ್ಲ ಬಗೆಯಿಂದಲೂ ತಮ್ಮವರದೇ ಮೇಲುಗೈ. ಆದರೆ ಹೆಸರಿನಲ್ಲಿ ಕಾನೊಕೊ ಮೊದಲು, ಕಚೇರಿ ಹ್ಯೂಸ್ಟನ್ನಿನಲ್ಲಿ! ಹೊರಗಿನವನು ಕದ ಒಡೆಯಲು ಬಂದಾಗ ಊರು ಒಟ್ಟಾಗಿ ಅಗುಳಿ ಹಾಕಿತು. ಮನೆಯ ಯಜಮಾನನೇ ಗಂಟುಮೂಟೆ ಕಟ್ಟಿ ಹೊರಟಾಗ ಯಾರ ವಿರುದ್ಧ ಅಂಗಿ ತೊಡುವುದು?

ಕಂಪನಿಯವರ ವಾದವನ್ನೂ ಹೇಳಬೇಕು. ಬಾರ್ಟಲ್ಸ್‌ವಿಲ್ಲಿನಿಂದ ಹ್ಯೂಸ್ಟನ್ನಿಗೆ ರಸ್ತೆಯಲ್ಲಿ ಎಂಟುನೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿ ಬಂದರಿದೆ, ದೊಡ್ಡ ವಿಮಾನ ನಿಲ್ದಾಣವಿದೆ, ಯಂತ್ರೋಪಕರಣ ಒದಗಿಸುವವರು, ಬ್ಯಾಂಕಿನವರು, ತೈಲ ಒಪ್ಪಂದಗಳಲ್ಲಿ ನುರಿತ ವಕೀಲರು ಎಲ್ಲರೂ ಇದ್ದಾರೆ. ಗಂಡಹೆಂಡಿರಿಬ್ಬರೂ ದುಡಿಯುವ ಈ ಕಾಲದಲ್ಲಿ ಸಣ್ಣ ಊರಿಗೆ ತರುಣ ಭೂವಿಜ್ಞಾನಿಯನ್ನು ಕರೆತರುವುದು ಕಷ್ಟವೆಂಬುದೂ ನಿಜ. ಶೆಲ್ ಕಂಪನಿಯ ಅಮೆರಿಕನ್ ಶಾಖೆ 1970ರ ದಶಕದ ಮೊದಲಲ್ಲಿಯೇ ನ್ಯೂಯಾರ್ಕ್ ಬಿಟ್ಟು ಹ್ಯೂಸ್ಟನ್ ಸೇರಿತು. ಎಕ್ಸಾನ್‌ಮೊಬಿಲ್ 2023ರಲ್ಲಿ ಡಲ್ಲಾಸ್ ಬಳಿಯಿಂದ ಹ್ಯೂಸ್ಟನ್ನಿನ ಉತ್ತರದ ತನ್ನ ವಿಶಾಲ ಆವರಣಕ್ಕೆ ಬಂದಿತು. ಶೆವ್ರಾನ್ ಕೂಡ ಕ್ಯಾಲಿಫೋರ್ನಿಯಾ ಬಿಟ್ಟು ಅಲ್ಲಿಗೇ ಹೋಗುವುದಾಗಿ 2024ರಲ್ಲಿ ಪ್ರಕಟಿಸಿತು. ಒಂದು ಕಂಪನಿ ಹೋದಷ್ಟೂ ಇನ್ನೊಂದಕ್ಕೆ ಹೋಗದಿರುವುದು ಕಷ್ಟವಾಗುತ್ತದೆ. ಈ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಲೆಕ್ಕದ ಪುಸ್ತಕದಲ್ಲಿ ಊರಿಗೆ ಒಂದು ಕಲಮು ಇರಲಿಲ್ಲವೆಂಬುದಷ್ಟೇ ನನ್ನ ತಕರಾರು.

ನಾನೂ ಸರ್ಕಾರಿ ನೌಕರಿಯಲ್ಲಿ ಏಳು ಬಾರಿ ವರ್ಗವಾದವನು. ಟ್ರಂಕು, ಹಾಸಿಗೆ ಸುರುಳಿ, ಒರಳುಕಲ್ಲುಗಳನ್ನು ಲಾರಿಗೆ ಹೇರಿ, ಮಕ್ಕಳ ಟಿ.ಸಿ. ಜೇಬಿನಲ್ಲಿಟ್ಟುಕೊಂಡು ಹೊರಡುವಾಗ ನಮ್ಮ ಮನೆಯವರು ಬಾವಿಕಟ್ಟೆಯ ಬಳಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದುದು ಈಗಲೂ ಕಣ್ಣ ಮುಂದಿದೆ. ಆದರೆ ನನ್ನ ಕುರ್ಚಿ ಖಾಲಿಯಾಗಿ ಉಳಿಯುತ್ತಿರಲಿಲ್ಲ. ನಾನು ಹೋದ ವಾರದೊಳಗೆ ಇನ್ನೊಬ್ಬ ಮೇಷ್ಟರು ಬರುತ್ತಿದ್ದರು, ನಾನು ಬಿಟ್ಟ ಬಾಡಿಗೆ ಮನೆಗೇ ಬರುತ್ತಿದ್ದುದೂ ಉಂಟು. ಶಾಲೆಯ ಗಂಟೆ ಹೊಡೆಯುತ್ತಲೇ ಇರುತ್ತಿತ್ತು. ಕಚೇರಿಯೇ ಎದ್ದು ಹೋದಾಗ ಆ ಕುರ್ಚಿಗೆ ಯಾರೂ ಬರುವುದಿಲ್ಲ. ವರ್ಗಾವಣೆಯ ದುಃಖವೆಂದರೆ ಇದೇ ಎಂದು ನಾನು ಅಂದು ಫೋನಿನಲ್ಲಿ ಅವನಿಗೆ ಸಮಾಧಾನ ಹೇಳಿದೆ. ಅದು ತಪ್ಪಾಯಿತು.

“ಆ ಊರುಗಳು ಏನಾದವು?” ಎಂದನಲ್ಲ. ಬಾರ್ಟಲ್ಸ್‌ವಿಲ್ ಅಳಿಯಲಿಲ್ಲ. 2000ದ ಜನಗಣತಿಯಲ್ಲಿ ಸುಮಾರು 34,700 ಇದ್ದ ಜನಸಂಖ್ಯೆ 2020ರಲ್ಲಿ 37,000 ದಾಟಿತ್ತು. ಲೆಕ್ಕಪತ್ರ, ಕಂಪ್ಯೂಟರ್ ವಿಭಾಗ, ಸಂಶೋಧನೆಗಳು ಅಲ್ಲಿ ಉಳಿದವು. 2012ರಲ್ಲಿ ಕಂಪನಿ ಮತ್ತೆ ಎರಡಾಗಿ ‘ಫಿಲಿಪ್ಸ್ 66’ ಬೇರ್ಪಟ್ಟಾಗ ಹಳೆಯ ಹೆಸರು ಮರಳಿ ಬಂದಿತು, ಆದರೆ ಅದರ ಪ್ರಧಾನ ಕಚೇರಿಯೂ ಹ್ಯೂಸ್ಟನ್ನಿನಲ್ಲಿಯೇ. ಪೊಂಕಾ ಸಿಟಿ ಮಾತ್ರ ಮೆಲ್ಲಮೆಲ್ಲನೆ ಕುಗ್ಗಿದೆ: 1990ರಲ್ಲಿ 26,000ಕ್ಕೂ ಹೆಚ್ಚಿದ್ದದ್ದು 2020ಕ್ಕೆ ಸುಮಾರು 24,400. ಮಾರ್ಲೆಂಡನ ಅರಮನೆಯನ್ನು 1975ರಲ್ಲಿ ಪಟ್ಟಣವೇ ಕೊಂಡು ಪ್ರವಾಸಿಗರಿಗೆ ತೆರೆದಿಟ್ಟಿದೆ. ಕಂಪನಿ 2007ರಲ್ಲಿ ಎರಡೂ ಊರುಗಳಿಗೆ ಒಂದೊಂದು ವಸ್ತುಸಂಗ್ರಹಾಲಯ ಕಟ್ಟಿಸಿಕೊಟ್ಟಿತು. ಪೊಂಕಾ ಸಿಟಿಯವರು ತಮ್ಮದನ್ನು ಉದ್ಘಾಟಿಸಿ ಎರಡು ವರ್ಷ ತುಂಬುವುದರೊಳಗೆ ಕೊನೆಯ ಕಚೇರಿಗಳ ಸ್ಥಳಾಂತರದ ಸುದ್ದಿ ಕೇಳಿದರು.

ಇದನ್ನೆಲ್ಲ ಬರೆದು ಮುಗಿಸುವ ಮೊದಲು ಅವನಿಗೆ ಓದಿ ಹೇಳಿದೆ. ಕೊಡದ ಮಾತಿಗೆ ನಕ್ಕ. ಸ್ಟ್ಯಾಂಡಿಂಗ್ ಬೇರ್ ಭಾಗ ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ತೀರ್ಮಾನ ತಿಳಿಸಿದ: ಬರುವುದಾಗಿ ಬರೆದುಕೊಟ್ಟಿದ್ದಾನೆ. ಮಗಳ ಓದು ಮುಗಿಯುವವರೆಗೆ ಅವನೊಬ್ಬನೇ ಆ ಮಹಾನಗರದಲ್ಲಿ ಒಂದು ಕೋಣೆ ಹಿಡಿದು ಇರುತ್ತಾನೆ. ತಿಂಗಳಿಗೆರಡು ಬಾರಿ ಶುಕ್ರವಾರ ಸಂಜೆ ಕಾರಿನಲ್ಲಿ ಹೊರಟು ಮನೆಗೆ ಬರುತ್ತಾನೆ. ಮನೆಯನ್ನು ಮಾರಾಟಕ್ಕೆ ಇಟ್ಟಿಲ್ಲ. “ಇಟ್ಟರೂ ಕೊಳ್ಳುವವರು ಯಾರಿದ್ದಾರೆ ಮೇಷ್ಟ್ರೇ, ಬೀದಿಯಲ್ಲಿ ನಮ್ಮ ಆಫೀಸಿನವರ ಮನೆಗಳೇ ಒಂಬತ್ತಿವೆ” ಎಂದ.