ಸಾಲ ತೀರಿಸಿದ ಹಣ್ಣು

ಟೊಮೆಟೊ ಬೀಳದ ಸಾರು ಇಂದು ನಮ್ಮಲ್ಲಿ ಅಪರೂಪ. ಆದರೂ ಅದು ನಮ್ಮ ನೆಲದ ಬೆಳೆಯಲ್ಲ. ಎಲ್ಲಿಂದಲೋ ಬಂದ ಈ ಹಣ್ಣನ್ನು ನಮ್ಮ ಹಿರಿಯರು ‘ಚಪ್ಪರಬದನೆ’ ಎಂದು ಕರೆದು, ಪರಿಚಯದ ಬದನೆಯೊಡನೆ ನಂಟು ಕಟ್ಟಿದರು. ಸಸ್ಯಶಾಸ್ತ್ರವೂ ಅದನ್ನು ಬದನೆಯ ಕುಲದಲ್ಲಿಯೇ ಇರಿಸಿದೆ.

ಇದರ ಕಾಡುಮೂಲ ದಕ್ಷಿಣ ಅಮೆರಿಕದ ಆಂಡಿಸ್ ಪ್ರದೇಶ. ತೋಟದ ಬೆಳೆಯಾಗಿ ಹದಗೊಂಡದ್ದು ಮೆಕ್ಸಿಕೋದಲ್ಲಿ. ಅಲ್ಲಿನ ಸಂತೆಗಳಲ್ಲಿ ಬಗೆಬಗೆಯ ಟೊಮೆಟೊ ಮಾರುತ್ತಿದ್ದುದನ್ನು 16ನೆಯ ಶತಮಾನದ ಸ್ಪೇನಿನ ಪಾದ್ರಿ ಸಹಗೂನ್ ದಾಖಲಿಸಿದ್ದಾನೆ. 1544ರಲ್ಲಿ ಇಟಲಿಯ ಮತ್ತಿಯೋಲಿ ಅದನ್ನು ತನ್ನ ಗ್ರಂಥದಲ್ಲಿ ವರ್ಣಿಸಿದ. ಇಟಲಿಯವರಿಗೆ ಅದು ‘ಚಿನ್ನದ ಸೇಬು’ ಆಯಿತು.

ಈ ಗಿಡದಲ್ಲಿ ಒಂದು ವಿಶೇಷವುಂಟು. ಇದರ ಹೂವು ಬಹುಮಟ್ಟಿಗೆ ತನ್ನದೇ ಪರಾಗದಿಂದ ಫಲಿಸುತ್ತದೆ. ಆದುದರಿಂದ ನೆಲೆಗೊಂಡ ತಳಿಯ ಬೀಜವನ್ನು ಬಿತ್ತಿದರೆ ತಾಯಿಯಂಥದೇ ಮಗಳು ಹುಟ್ಟುತ್ತಾಳೆ. ಪಂಡಿತರ ನೆರವಿಲ್ಲದೆಯೂ ಬಡ ಗೃಹಿಣಿ ತನ್ನ ಅಜ್ಜಿಯ ತಳಿಯನ್ನು ಮೊಮ್ಮಗಳಿಗೆ ದಾಟಿಸಬಲ್ಲಳು. ಮನೆತನದ ತಳಿಗಳು ಉಳಿದದ್ದು ಹೀಗೆ.

ಅಮೆರಿಕದ ಪಶ್ಚಿಮ ವರ್ಜೀನಿಯಾದ ಲೋಗನ್ ಊರಿನ ಬೈಲ್ಸ್ ಎಂಬಾತನ ಕಥೆ ಇಲ್ಲಿ ನೆನೆಯತಕ್ಕದ್ದು. ಆತ ವಿದ್ಯಾವಂತನಲ್ಲ, ಬೆಟ್ಟವೇರುವಾಗ ಕಾದು ನಿಂತ ಲಾರಿಗಳ ರೇಡಿಯೇಟರ್ ದುರಸ್ತಿಮಾಡಿ ಬದುಕುತ್ತಿದ್ದ. ಊರವರು ‘ರೇಡಿಯೇಟರ್ ಚಾರ್ಲಿ’ ಎನ್ನುತ್ತಿದ್ದರು. ಮನೆ ಅಡವಿನಲ್ಲಿತ್ತು. ಒಂದು ದೊಡ್ಡ ಹಣ್ಣಿನ ಗಿಡವನ್ನು ನಡುವೆ ನೆಟ್ಟು, ಸುತ್ತಲೂ ಬೇರೆ ತಳಿಯ ಹತ್ತು ಗಿಡಗಳನ್ನಿಟ್ಟು, ಅವುಗಳ ಪರಾಗವನ್ನು ತಾನೇ ನಡುವಿನ ಗಿಡದ ಹೂಗಳಿಗೆ ಸೇರಿಸಿದ. ಒಳ್ಳೆಯ ಸಸಿಗಳನ್ನು ಆಯುತ್ತಾ ಹಲವು ವರ್ಷ ಹೀಗೆಯೇ ನಡೆಸಿದ. ಕಡೆಗೆ ದೊರೆತ ತಳಿಯ ಸಸಿಯನ್ನು ಒಂದೊಂದು ಡಾಲರಿನಂತೆ ಮಾರಿ, ಆರು ವರ್ಷಗಳಲ್ಲಿ 6,000 ಡಾಲರ್ ಸಾಲ ತೀರಿಸಿದನಂತೆ. ಆ ಹಣ್ಣಿಗೆ ‘ಮಾರ್ಟ್‌ಗೇಜ್ ಲಿಫ್ಟರ್’, ಎಂದರೆ ಅಡವು ಬಿಡಿಸುವುದು, ಎಂಬ ಹೆಸರೇ ನಿಂತಿತು.

ಸಂಕರ ತಳಿಗಳು ಬಂದ ಮೇಲೆ ಚಿತ್ರ ಬದಲಾಯಿತು. ನಮ್ಮ ಬೆಂಗಳೂರಿನಲ್ಲಿಯೇ ಮನಮೋಹನ ಅತ್ತಾವರರ ಸಂಸ್ಥೆ 1973ರಲ್ಲಿ ‘ಕರ್ನಾಟಕ’ ಎಂಬ ಸಂಕರ ಟೊಮೆಟೊವನ್ನು ಹೊರತಂದಿತು. ಇಳುವರಿ, ರೋಗನಿರೋಧಕ ಶಕ್ತಿಗಳಿಂದ ಸಂಕರ ತಳಿಗಳು ರೈತನಿಗೆ ಮಾಡಿದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಅವುಗಳ ಬೀಜದಿಂದ ಹುಟ್ಟುವ ಸಂತತಿ ಏಕರೂಪವಾಗಿರದು. ರೈತ ವರ್ಷವರ್ಷವೂ ಅಂಗಡಿಗೆ ಹೋಗಲೇಬೇಕು. ಇದನ್ನು ಮನಗಂಡವರುಂಟು. ಅಮೆರಿಕದ ವೀಲಿ ದಂಪತಿಗಳು ಅಜ್ಜನಿಂದ ಬಂದ ಟೊಮೆಟೊ ಮತ್ತು ಹೂಬಳ್ಳಿಯ ಬೀಜಗಳನ್ನಿಟ್ಟುಕೊಂಡು 1975ರಲ್ಲಿ ಬೀಜವಿನಿಮಯದ ಸಂಘವೊಂದನ್ನು ಕಟ್ಟಿದರು.

ನನ್ನ ತಾಯಿ ಸೌತೆಯ ಬೀಜವನ್ನು ಬೂದಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ಬಳಿಯುತ್ತಿದ್ದರು. ಮನೆಗೆ ಸುಣ್ಣ ಹೊಡೆಸುವಾಗ ಗೋಡೆ ಚೊಕ್ಕಟವಾಗಲೆಂದು ಅದನ್ನು ಕೆರೆದು ಎಸೆದವನು ನಾನೇ. ಆ ಸೌತೆಯನ್ನು ಮತ್ತೆ ಎಲ್ಲಿಯೂ ಕಾಣಲಿಲ್ಲ. ಹಳೆಗನ್ನಡದ ಓಲೆಗರಿಗಳು ಒಲೆಗೆ ಹೋದವೆಂದು ತರಗತಿಯಲ್ಲಿ ಮರುಗುತ್ತಿದ್ದ ನನಗೆ, ಇದೂ ಒಂದು ಗ್ರಂಥನಾಶವೆಂದು ಹೊಳೆಯಲು ಮುಪ್ಪು ಬರಬೇಕಾಯಿತು.

ನಿಮ್ಮ ಹಿತ್ತಿಲಲ್ಲಿ ಹಳೆಯ ನಾಟಿ ಟೊಮೆಟೊ ಇದ್ದರೆ, ಚೆನ್ನಾಗಿ ಕಳಿತ ಹಣ್ಣಿನ ತಿರುಳನ್ನು ಎರಡು ಮೂರು ದಿನ ಹುಳಿಯಲು ಬಿಡಿ. ಲೋಳೆ ಕಳಚಿ ಗಟ್ಟಿ ಬೀಜ ತಳಕ್ಕಿಳಿಯುತ್ತದೆ. ತೊಳೆದು, ನೆರಳಿನಲ್ಲಿ ಒಣಗಿಸಿ, ಪೊಟ್ಟಣ ಕಟ್ಟಿ. ಪೊಟ್ಟಣದ ಮೇಲೆ ವರ್ಷವನ್ನೂ, ಬೀಜ ಕೊಟ್ಟವರ ಹೆಸರನ್ನೂ ಬರೆಯಲು ಮರೆಯಬೇಡಿ.