ಶಾಲೆಯ ಎಲ್ಲೆ, ಧರ್ಮಕೇಂದ್ರದ ಎಲ್ಲೆ: ಟಿ. ದಾಸರಹಳ್ಳಿಯನ್ನು ಕುರಿತು

ಧರ್ಮಕೇಂದ್ರದ ಚರಿತ್ರೆಯೆಂದರೆ ದೇವಾಲಯದ ಅಸ್ತಿವಾರ, ಗಂಟೆಗೋಪುರ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ ಎಂದೇ ಎಣಿಸುವುದು ರೂಢಿ. ದೇವಾಲಯದ ಮಗ್ಗುಲಿನ ಶಾಲೆಗೆ ಯಾವ ಬೀದಿಯ ಮಕ್ಕಳು ಬಂದರು, ಯಾವ ಬೀದಿಯವರು ಬರಲಾಗಲಿಲ್ಲ ಎಂಬುದೂ ಆ ಚರಿತ್ರೆಗೆ ಸೇರಿದ್ದೇ. ತುಮಕೂರು ಹೆದ್ದಾರಿಯ ಮೇಲಿನ ಟಿ. ದಾಸರಹಳ್ಳಿ ಇದನ್ನು ವಿಚಾರಿಸಲು ತಕ್ಕ ಸ್ಥಳ.

ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿಗೊಂದು ಶಾಲೆಯೆಂಬ ಕ್ರಮ ಆರಂಭವಾಯಿತು. ಹೋಬಳಿಯ ಶಾಲೆಗೆ ದಿನವೂ ನಡೆದುಹೋಗುವುದು ಎಲ್ಲ ಹಳ್ಳಿಯ ಮಕ್ಕಳ ಕೈಲಾಗುವ ಮಾತಲ್ಲ, ನಿಜ. ಆದರೆ ಹೊಲವೂ ಮನೆಯೂ ಕದಲದ ಆ ಕಾಲದಲ್ಲಿ ಕಂದಾಯದ ಎಲ್ಲೆಯೂ ಜನರ ಎಲ್ಲೆಯೂ ಬಹುಮಟ್ಟಿಗೆ ಒಂದೇ ಆಗಿದ್ದವು.

ಅವು ಬೇರ್ಪಟ್ಟದ್ದು ಕಾರ್ಖಾನೆಗಳಿಂದ. ಬೆಂಗಳೂರು ಧರ್ಮಕ್ಷೇತ್ರವು ಮಹಾಧರ್ಮಕ್ಷೇತ್ರವಾದ 1953ರಲ್ಲೇ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಸ್ಥಾಪಿತವಾಯಿತು, ಮರುವರ್ಷ ಬಿ.ಇ.ಎಲ್. ಇವೆರಡೂ ನೌಕರರಿಗೆ ವಸತಿಗೃಹಗಳನ್ನೂ ಅವರ ಮಕ್ಕಳಿಗೆ ಶಾಲೆಗಳನ್ನೂ ಏರ್ಪಡಿಸಿದವು. ಅಲ್ಲಿ ತಂದೆಯ ಉದ್ಯೋಗವೇ ಮಗುವಿನ ಶಾಲೆಯನ್ನು ಗೊತ್ತುಮಾಡಿತು. 1970ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯ ಕೈಗಾರಿಕಾ ಪ್ರದೇಶದ ರೀತಿಯೇ ಬೇರೆ. ಅಲ್ಲಿನವು ಬಹುತೇಕ ಸಣ್ಣ ಕಾರ್ಖಾನೆಗಳು. ಲೇತ್ ಯಂತ್ರಕ್ಕೆ ಶೆಡ್ಡು ಉಂಟು, ಅದನ್ನು ನಡೆಸುವವನಿಗೆ ಮನೆಯಿಲ್ಲ. ಅವನು ದಾಸರಹಳ್ಳಿ, ಚೊಕ್ಕಸಂದ್ರ, ಮಲ್ಲಸಂದ್ರಗಳ ವಠಾರಗಳಲ್ಲಿ ಬಾಡಿಗೆಗೆ ನಿಂತನು. 2001ರ ಜನಗಣತಿಯ ವೇಳೆಗೆ ದಾಸರಹಳ್ಳಿ ನಗರಸಭೆಯ ಜನಸಂಖ್ಯೆ 2,63,000 ದಾಟಿತ್ತು. ಅದರಲ್ಲಿ ಗಂಡಸರು ನೂರಕ್ಕೆ 54. ಮೊದಲು ಒಂಟಿಯಾಗಿ ಬಂದು, ಕೆಲಸ ನೆಲೆಗೊಂಡ ಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವವರ ಊರಿನ ಲಕ್ಷಣವಿದು.

2007ರಲ್ಲಿ ಈ ನಗರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು. 2009ರ ವಿಂಗಡಣೆಯಲ್ಲಿ ಟಿ. ದಾಸರಹಳ್ಳಿ, ಮಲ್ಲಸಂದ್ರ, ಬಾಗಲಗುಂಟೆ, ಚೊಕ್ಕಸಂದ್ರ ಬೇರೆಬೇರೆ ವಾರ್ಡುಗಳಾದವು. ಮತದಾನಕ್ಕೆಂದು ಎಳೆದ ಈ ಗೆರೆಗಳೇ ಮುಂದೆ ಮಕ್ಕಳ ಹಣೆಯ ಗೆರೆಗಳೂ ಆದವು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಖಾಸಗಿ ಶಾಲೆಗಳು ನೂರಕ್ಕೆ 25 ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು. 2012ರಲ್ಲಿ ರಾಜ್ಯದ ನಿಯಮಗಳು ಬಂದಾಗ ನಗರದಲ್ಲಿ ನೆರೆಹೊರೆಯೆಂದರೆ ವಾರ್ಡು ಎಂದಾಯಿತು. ವಠಾರದ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಮಾಲೀಕರು ಬಾಡಿಗೆ ಏರಿಸಿದರೆ ಸಂಸಾರ ಎರಡು ಬೀದಿಯಾಚೆ ಹೋಗುತ್ತದೆ. ಅದು ಇನ್ನೊಂದು ವಾರ್ಡಾಗಿದ್ದರೆ ಕಣ್ಣೆದುರಿನ ಶಾಲೆಯೂ ಪರಸ್ಥಳದ ಶಾಲೆಯೇ. ಐದನೆಯ ತರಗತಿಯವರೆಗಿನ ಶಾಲೆ 1 ಕಿಲೋಮೀಟರ್ ನಡಿಗೆಯೊಳಗಿರಬೇಕೆಂಬ ನಿಯಮವೂ ಉಂಟು. ನಡುವೆ ಲಾರಿಗಳು ಹರಿಯುವ ಹೆದ್ದಾರಿಯಿದ್ದರೆ ಆರು ವರ್ಷದ ಮಗುವಿಗೆ ಆ ಕಿಲೋಮೀಟರ್ ಎಷ್ಟು ಉದ್ದವೆಂದು ನಕ್ಷೆ ಹೇಳದು. ಆ ಗೆರೆಗಳಾದರೂ ಸ್ಥಿರವೇ? 2025ರಲ್ಲಿ ಪಾಲಿಕೆಯನ್ನೇ ಐದಾಗಿ ವಿಂಗಡಿಸಲಾಯಿತು.

ಧರ್ಮಸಭೆಯೂ ಎಲ್ಲೆಗಳನ್ನು ಬಲ್ಲದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 518ನೆಯ ವಿಧಿಯಂತೆ ಧರ್ಮಕೇಂದ್ರವು ಸಾಮಾನ್ಯವಾಗಿ ಭೂಪ್ರದೇಶವನ್ನು ಅನುಸರಿಸಿದ್ದು. ಆದರೆ 102ನೆಯ ವಿಧಿಯ ಪ್ರಕಾರ ಒಂದು ಸ್ಥಳದಲ್ಲಿ 3 ತಿಂಗಳು ವಾಸವಿದ್ದವನು ಅಲ್ಲಿನ ಅರೆನೆಲಸಿಗ. 107ನೆಯ ವಿಧಿ ಇನ್ನೂ ಮುಂದೆ ಹೋಗುತ್ತದೆ: ಎಲ್ಲಿಯೂ ನೆಲೆಯಿಲ್ಲದವನಿಗೆ ಅವನು ಸದ್ಯ ತಂಗಿರುವ ಸ್ಥಳದ ಗುರುಗಳೇ ಗುರುಗಳು. ಕರಾರುಪತ್ರದ ಪ್ರಶ್ನೆಯೇ ಇಲ್ಲ.

ಹಾಗಿದ್ದರೆ ನಮ್ಮ ಶಾಲೆಗಳ ಮಾತೇನು? 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನೂ, 2014ರ ಮೇ 6ರ ಪ್ರಮತಿ ಮೊಕದ್ದಮೆಯಲ್ಲಿ ಅನುದಾನಿತವಾದವನ್ನೂ ಆ ಕಾಯಿದೆಯಿಂದ ಹೊರಗಿಟ್ಟಿತು. ಸಂವಿಧಾನದ 30ನೆಯ ವಿಧಿ ನೀಡಿದ ರಕ್ಷಣೆ ಅಮೂಲ್ಯವಾದದ್ದು. ಅದನ್ನು ಹಗುರವಾಗಿ ಕಾಣಲಾಗದು. ಆದರೆ ರಕ್ಷಣೆಯು ಗೇಟಿನ ಬೀಗವಾಗಬೇಕೆಂದು ಯಾವ ತೀರ್ಪೂ ಹೇಳಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವ ನೆರೆಹೊರೆಯಲ್ಲಿ ಖಾಸಗಿ ಶಾಲೆಯ ಆ ಸ್ಥಾನಗಳು ಬೇಕಿಲ್ಲವೆಂದು 2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿದ ಮೇಲೆ ವಠಾರದ ಮಕ್ಕಳಿಗೆ ಅಲ್ಲಿಯೂ ಹಾದಿ ಕಿರಿದಾಗಿದೆ. ವಾರ್ಡಿನ ಗೆರೆಯನ್ನು ದಾಟಿ ಮಗುವನ್ನು ಸೇರಿಸಿಕೊಳ್ಳುವ ಸ್ವಾತಂತ್ರ್ಯ ನಮ್ಮ ಆಡಳಿತ ಮಂಡಳಿಗಳಿಗಿದೆ. ಪ್ರವೇಶದ ಅರ್ಜಿಗಳನ್ನು ಪರಿಶೀಲಿಸುವಾಗ ಅವು 107ನೆಯ ವಿಧಿಯನ್ನೂ ಪಕ್ಕದಲ್ಲಿರಿಸಿಕೊಳ್ಳಲೆಂದು ನನ್ನ ಬಿನ್ನಹ.

2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಪ್ರಮತಿ ತೀರ್ಪಿನ ಔಚಿತ್ಯವನ್ನು ಶಂಕಿಸಿ, ಪ್ರಶ್ನೆಯನ್ನು ಹಿರಿಯ ಪೀಠವೊಂದು ವಿಚಾರಿಸಲೆಂದು ಮುಖ್ಯ ನ್ಯಾಯಮೂರ್ತಿಗಳಿಗೆ ಒಪ್ಪಿಸಿತು.