ವಾರ್ಡಿನ ತಂಡದಲ್ಲಿ ಆಯಾ ಅಕ್ಕನ ಹೆಸರು ಯಾಕಿಲ್ಲ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಗೊತ್ತಿಲ್ಲದ ಕಾರ್ಮಿಕರ ಮನೆ ನಮ್ಮ ಪಶ್ಚಿಮ ಬೆಂಗಳೂರಲ್ಲಿ ಸಿಗೋದು ಕಷ್ಟ. ಕಾಮಾಕ್ಷಿಪಾಳ್ಯದ ಸಣ್ಣ ವರ್ಕ್‌ಶಾಪು, ಮೈಸೂರು ರಸ್ತೆಯ ಗಾರ್ಮೆಂಟ್ಸು, ಪೀಣ್ಯದ ಫ್ಯಾಕ್ಟರಿ, ಎಲ್ಲಿ ದುಡಿದರೂ ಕಾಯಿಲೆ ಬಿದ್ದಾಗ ಕೈಯಲ್ಲಿ ಇರೋದು ಅದೇ ಇ.ಎಸ್.ಐ. ಕಾರ್ಡು. ಆದರೆ ಈ ಕಾರ್ಡಿನ ಹಿಂದೆ ಯಾರಿದ್ದಾರೆ ಅಂತ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ.

1942ರಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು. ಅವರ ಕಾಲದಲ್ಲೇ, 1943ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ಮಾಡೋಕೆ ಪ್ರೊ. ಬಿ.ಪಿ. ಅಡಾರ್ಕರ್ ಅವರನ್ನ ನೇಮಿಸಲಾಯಿತು. 1944ರಲ್ಲಿ ವರದಿ ಬಂತು. ಅದರ ಬುನಾದಿ ಮೇಲೆ 1948ರಲ್ಲಿ ಇ.ಎಸ್.ಐ. ಕಾಯ್ದೆ ಆಯಿತು. ಆಗ ಕಾರ್ಮಿಕ ಮಂತ್ರಿ ಯಾರು? ಬಾಬು ಜಗಜೀವನ್ ರಾಂ. ಕೇರಿಯಿಂದ ಬಂದ ಇಬ್ಬರು ನಾಯಕರ ಕೈದಾಟಿ ಬಂದ ಕಾಯ್ದೆ ಇದು, ಗೆಳೆಯರೇ.

ಈಗ ಆಸ್ಪತ್ರೆಯ ವಾರ್ಡಿನ ಒಳಗೆ ಹೋಗೋಣ. ನಾನು ಯಾವುದೋ ಒಂದು ಆಸ್ಪತ್ರೆಯ ಮಾತು ಹೇಳ್ತಿಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಕಡೆ ಕಾಣೋ ಮಾತು ಇದು.

ರೋಗಿಯನ್ನ ಡಾಕ್ಟರ್ ಒಬ್ಬರೇ ಉಳಿಸಲ್ಲ. ಮಾತ್ರೆ ಕೊಡೋ ಸಿಸ್ಟರ್, ಮಗ್ಗುಲು ಬದಲಿಸೋ ಆಯಾ, ಸ್ಟ್ರೆಚರ್ ತಳ್ಳೋ ವಾರ್ಡ್ ಬಾಯ್, ನೆಲ ಒರೆಸೋ ಹೌಸ್‌ಕೀಪಿಂಗ್ ಅಕ್ಕ, ಇವರೆಲ್ಲ ಸೇರಿದ್ರೇನೆ ಆರೈಕೆ. ಆದರೆ ಈ ಕೆಲಸಗಳನ್ನ ಹಂಚಿದ್ದು ಹೇಗೆ?

1897ಕ್ಕೆ ಹೋಗಿ. ಪುಣೆಯಲ್ಲಿ ಪ್ಲೇಗ್. ಸಾವಿತ್ರಿಬಾಯಿ ಫುಲೆ ಅವರ ಮಗ ಯಶವಂತ ಡಾಕ್ಟರು, ಊರಾಚೆ ದವಾಖಾನೆ ತೆರೆದಿದ್ದರು. ಮಗ ಔಷಧಿ ಕೊಟ್ಟರೆ ತಾಯಿ ರೋಗಿಗಳನ್ನ ಕರೆತರೋರು. ಮುಂಢ್ವಾದ ಮಹಾರ್ ಹುಡುಗನೊಬ್ಬನನ್ನ ಬೆನ್ನ ಮೇಲೆ ಹೊತ್ತು ತಂದರು. ಅದೇ ಪ್ಲೇಗ್ ಅವರಿಗೂ ತಗುಲಿ, ಮಾರ್ಚ್ 10ರಂದು ತೀರಿಕೊಂಡರು. ಮುಂದಿನ ವರ್ಷ ಪ್ಲೇಗ್ ಬೆಂಗಳೂರಿಗೂ ಬಂತು. ಶಾಲೆ ಕಟ್ಟಿದ ಗುರುಮಾತೆಗೆ ರೋಗಿಯನ್ನ ಹೊರೋದು ಕೀಳು ಕೆಲಸ ಅನ್ನಿಸಲಿಲ್ಲ. ಆ ಕೂಸಿಗೆ ಆವತ್ತು ಬೇಕಿದ್ದ ಆರೈಕೆ ಅದೇ ಆಗಿತ್ತು.

ಆದರೆ ಜಾತಿ ಸಮಾಜ ಬೇರೆ ಲೆಕ್ಕ ಹಾಕಿತು. ಮೈ ಮುಟ್ಟೋದು, ರಕ್ತ, ಮಲಮೂತ್ರ ಎಲ್ಲ ಮೈಲಿಗೆ. ಹಾಗಾಗಿ ನರ್ಸಿಂಗ್ ಕೆಲಸಕ್ಕೇ ಮೇಲ್ಜಾತಿ ಮನೆಗಳು ಹೆಣ್ಣುಮಕ್ಕಳನ್ನ ಕಳಿಸ್ತಿರಲಿಲ್ಲ. ಮೊದಲಿಗೆ ಬಂದವರಲ್ಲಿ ಹೆಚ್ಚಿನವರು ಕ್ರೈಸ್ತ, ಆಂಗ್ಲೋ ಇಂಡಿಯನ್ ಹೆಣ್ಣುಮಕ್ಕಳು. 1946ರ ಭೋರ್ ಸಮಿತಿ ಲೆಕ್ಕ ನೋಡಿ: ಈ ದೇಶದಲ್ಲಿ ಸುಮಾರು 43,000 ಜನಕ್ಕೆ ಒಬ್ಬ ನರ್ಸ್! ಈ ಕೊರತೆಗೆ ಬಡತನ ಒಂದು ಕಾರಣ, ಮೈಲಿಗೆ ಇನ್ನೊಂದು. ಮುಂದೆ ನರ್ಸಿಂಗ್‌ಗೆ ಗೌರವ ಬಂತು. ಬರಲೇಬೇಕಿತ್ತು. ಆದರೆ ಮೈಲಿಗೆ ಹೋಗಲಿಲ್ಲ, ಒಂದು ಮೆಟ್ಟಿಲು ಕೆಳಗೆ ಇಳೀತು. ಬೆಡ್‌ಪ್ಯಾನ್ ಆಯಾ ಪಾಲಿಗೆ, ಪೊರಕೆ ನಮ್ಮ ಕೇರಿಯ ಅಕ್ಕಂದಿರ ಪಾಲಿಗೆ.

ಅದೇ ಹೊತ್ತಲ್ಲಿ ಅಮೆರಿಕಾದಲ್ಲೂ ಎರಡನೇ ಮಹಾಯುದ್ಧದ ನಂತರ ನರ್ಸ್‌ಗಳ ಕೊರತೆ. ಒಬ್ಬರು ಬರೀ ಇಂಜೆಕ್ಷನ್, ಇನ್ನೊಬ್ಬರು ಬರೀ ಡ್ರೆಸ್ಸಿಂಗ್, ಮತ್ತೊಬ್ಬರು ಬರೀ ಬಿ.ಪಿ. ಹೀಗೆ ಮಾಡಿದ್ರೆ ರೋಗಿಯನ್ನ ಪೂರ್ತಿಯಾಗಿ ನೋಡೋರೇ ಇರಲ್ಲ. ಆಗ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಎಲೀನರ್ ಲ್ಯಾಂಬರ್ಟ್‌ಸನ್, 1953ರಲ್ಲಿ, ನರ್ಸಿಂಗ್ ತಂಡ ಹೇಗೆ ಕೆಲಸ ಮಾಡಬೇಕು ಅಂತ ಪುಸ್ತಕ ಬರೆದರು. ಒಬ್ಬ ನರ್ಸ್ ಮುಂದಾಳು, ಜೊತೆಗೆ ಸಹಾಯಕರು. ಅದರ ಜೀವಾಳ ಏನು ಗೊತ್ತಾ? ತಂಡದ ಸಭೆ. ಎಲ್ಲರೂ ಕೂತು ರೋಗಿಯ ಬಗ್ಗೆ ಮಾತಾಡಬೇಕು, ಸಹಾಯಕರೂ ಸೇರಿ. ಬಾಬಾಸಾಹೇಬರು ಓದಿದ್ದು ಇದೇ ಕೊಲಂಬಿಯಾದಲ್ಲಿ, 1913ರಿಂದ 1916ರವರೆಗೆ.

ಕೆಲಸ ವಹಿಸೋದಕ್ಕೂ ನಿಯಮ ಇದೆ. ನರ್ಸಿಂಗ್ ಪಾಠದಲ್ಲಿ ಐದು ಪ್ರಶ್ನೆ ಕಲಿಸ್ತಾರೆ. ಈ ಕೆಲಸ ಬೇರೆಯವರಿಗೆ ವಹಿಸಬಹುದಾ? ರೋಗಿಯ ಸ್ಥಿತಿ ಅದಕ್ಕೆ ಒಪ್ಪುತ್ತಾ? ಮಾಡೋ ವ್ಯಕ್ತಿಗೆ ತರಬೇತಿ ಇದೆಯಾ? ಏನು ಮಾಡಬೇಕು ಅಂತ ಬಿಡಿಸಿ ಹೇಳಿದೀರಾ? ಆಮೇಲೆ ಹೋಗಿ ನೋಡಿದೀರಾ? ಕೆಲಸ ವಹಿಸಿದರೂ ಹೊಣೆ ನರ್ಸ್ ಮೇಲೇ ಇರುತ್ತೆ.

ನಮ್ಮಲ್ಲಿ ನಡೆಯೋದು? "ಏಯ್, ಅದನ್ನ ಎತ್ತು." ಇದು ಕೆಲಸ ವಹಿಸೋದಲ್ಲ, ಬಿಟ್ಟಿ ಚಾಕರಿ ಹೇಳೋ ಧಾಟಿ. ಕೆಲಸ ಹಂಚೋದು ಬೇರೆ, ಕೆಲಸ ಮಾಡೋರನ್ನೇ ಹುಟ್ಟಿನಿಂದ ಮೇಲೆ ಕೆಳಗೆ ಅಂತ ಹಂಚಿಡೋದು ಬೇರೆ. ಬಾಬಾಸಾಹೇಬರು 1936ರಲ್ಲೇ ಈ ವ್ಯತ್ಯಾಸ ತೋರಿಸಿಕೊಟ್ಟರು.

ಇದು ಬರೀ ಮರ್ಯಾದೆ ಪ್ರಶ್ನೆ ಅಂದ್ಕೋಬೇಡಿ, ರೋಗಿಯ ಜೀವದ ಪ್ರಶ್ನೆ. ಯೂರಿನ್ ಬ್ಯಾಗ್ ಖಾಲಿ ಮಾಡೋಳು ಆಯಾ. ಮೂತ್ರ ಕಮ್ಮಿ ಆಗಿದೆ, ಕೆಂಪಾಗಿದೆ ಅಂತ ಮೊದಲು ಕಾಣೋದು ಅವಳಿಗೆ. ಮಗ್ಗುಲು ತಿರುಗಿಸುವಾಗ ಬೆನ್ನ ಮೇಲೆ ಚರ್ಮ ಕೆಂಪಾಗಿದ್ದು, ಅಂದ್ರೆ ಬೆಡ್ ಸೋರ್ ಶುರುವಾಗಿದ್ದು, ಮೊದಲು ಕಾಣೋದೂ ಅವಳಿಗೇ. ಆದರೆ ಶಿಫ್ಟ್ ಬದಲಾದಾಗ ಹ್ಯಾಂಡೋವರ್ ಕೊಡೋ ಜಾಗದಲ್ಲಿ ಅವಳು ಇರಲ್ಲ. ಕಂಡಿದ್ದನ್ನ ಹೇಳೋ ಧೈರ್ಯ ಇಲ್ಲ, ಕೇಳೋರೂ ಇಲ್ಲ. ವಿಷಯ ಅಲ್ಲಿಗೇ ಸತ್ತುಹೋಗುತ್ತೆ, ಕೆಲವೊಮ್ಮೆ ರೋಗಿಯೂ.

ಸಿಸ್ಟರ್‌ಗಳನ್ನ ಬೈಯೋಕೆ ಇದನ್ನ ಬರೀತಿಲ್ಲ. ಒಬ್ಬ ಸಿಸ್ಟರ್ ತಲೆ ಮೇಲೆ ವಾರ್ಡು ತುಂಬ ರೋಗಿಗಳನ್ನ ಹೇರಿ, ಕೆಳಗಿನ ಕೆಲಸ ಪೂರಾ ಗುತ್ತಿಗೆಗೆ ಕೊಟ್ಟು, ಇಬ್ಬರನ್ನೂ ಎದುರುಬದುರು ನಿಲ್ಲಿಸಿರೋದು ಆಡಳಿತ. ಗುತ್ತಿಗೆಯವನು ಇವತ್ತು ಈ ವಾರ್ಡಿಗೆ, ನಾಳೆ ಬೇರೆ ಕಡೆಗೆ ಅಂತ ಆಳು ಬದಲಿಸ್ತಾ ಇದ್ರೆ ತಂಡ ಕಟ್ಟೋದು ಹೇಗೆ? ಎಷ್ಟೋ ಸಿಸ್ಟರ್‌ಗಳೂ ನಮ್ಮ ಮನೆ ಮಕ್ಕಳೇ, ಅವರೂ ಗುತ್ತಿಗೆಯಲ್ಲೇ.

ಹಾಗಾದ್ರೆ ಕೇಳೋದೇನು? ಒಂದು, ಹ್ಯಾಂಡೋವರ್‌ನಲ್ಲಿ ಆಯಾ, ವಾರ್ಡ್ ಬಾಯ್ ಇಬ್ಬರೂ ಇರಲಿ, ಅವರನ್ನ ಹೆಸರು ಹಿಡಿದು ಕರೀಲಿ. ಎರಡು, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆ ತ್ಯಾಜ್ಯ ಮುಟ್ಟೋ ಎಲ್ಲರಿಗೂ ಹೆಪಟೈಟಿಸ್ ಬಿ, ಟೆಟನಸ್ ಲಸಿಕೆ ಮತ್ತು ತರಬೇತಿ ಕೊಡಲೇಬೇಕು. ಗುತ್ತಿಗೆ ಅಂತ ತಪ್ಪಿಸ್ಕೊಳ್ಳೋ ಹಾಗಿಲ್ಲ. ಕೊಟ್ಟಿದ್ದಾರಾ ಅಂತ ನಿಮ್ಮ ಅಕ್ಕಂದಿರನ್ನ ಕೇಳಿ. ಮೂರು, 2019ರ ಜುಲೈನಿಂದ ಇ.ಎಸ್.ಐ.ಗೆ ಸಂಬಳದಲ್ಲಿ ಕಾರ್ಮಿಕರ ಪಾಲು ಶೇ 0.75, ಮಾಲೀಕರದ್ದು ಶೇ 3.25. ಆಸ್ಪತ್ರೆಯಲ್ಲೇ ದುಡಿಯೋ ನಮ್ಮವರ ಹೆಸರಲ್ಲಿ ಆ ದುಡ್ಡು ಕಟ್ಟಿದ್ದಾರಾ? ಸಂಬಳ ಚೀಟಿ ತೆಗೆದು ನೋಡಿ.

ರೋಗಿಯ ಮೈ ಒರೆಸೋ ಕೈಗೆ ವಾರ್ಡಿನಲ್ಲಿ ಒಂದು ಮಾತು ಬೇಕು, ಒಂದು ಕುರ್ಚಿ ಬೇಕು. ಕೆಂಗೇರಿಯಿಂದ ರಾಜಾಜಿನಗರದವರೆಗೆ ಬೆಳಗಿನ ಜಾವ ಬಸ್ ಹತ್ತೋ ಪ್ರತಿ ಅಕ್ಕನ ಪರವಾಗಿ ಇಷ್ಟನ್ನ ನಾವು ಕೇಳೋಣ, ಜೋರಾಗಿಯೇ ಕೇಳೋಣ.

ಜೈ ಸಾವಿತ್ರಿ. ಜೈ ಭೀಮ್.